ಕಕ್ಕಡದ ಮಳೆಯಲ್ಲೂ ಮೀಟಿಂಗ್ ಕೇಳಿಸಬೇಕು ಅಲ್ವಾ?

ತೋಟದಲ್ಲಿ ಪುಟ್ಟದೊಂದು ಆಫೀಸ್ ರೂಮು ಮಾಡಿಕೊಳ್ಳುವುದು ಹೇಗೆ ಅಂತ ಹೋದ ತಿಂಗಳು ಒಬ್ಬರು ಕೇಳಿದ್ದರು. ನಾಲ್ಕು ಸಾಲು ಉತ್ತರ ಬರೆದು ಸುಮ್ಮನಾಗಿದ್ದೆ. ಅದೇ ತಪ್ಪಾಯಿತು ನೋಡಿ, ಕೊಡಗಿನ ಮೂಲೆಮೂಲೆಯಿಂದ ಪ್ರಶ್ನೆಗಳು ಬಂದು ಬಿದ್ದಿವೆ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ, ಕೆಲವನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. ಮಡಿಕೇರಿ ಹತ್ತಿರ ಮನೆ ಹಿಂದಿನ ತೋಟದಲ್ಲಿ ರೂಮು ಕಟ್ಟಿ, ಕೆಡಿಸಿಕೊಂಡು, ಮತ್ತೆ ದುಡ್ಡು ಸುರಿದು ಸರಿಮಾಡಿಕೊಂಡು ಅಲ್ಲೇ ಕೂತು ಕೆಲಸ ಮಾಡುತ್ತಿರುವವನು, ಅಷ್ಟೇ.

ಪ್ರಶ್ನೆ: ಅಣ್ಣಾ, ನಾನು ಬೆಂಗಳೂರಿನ ಕಂಪನಿಗೆ ತವರುಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಅಪ್ಪನ ಟಿವಿ, ಅಮ್ಮನ ಮಿಕ್ಸಿ, ಅಂಗಳದಲ್ಲಿ ಎರಡು ನಾಯಿ. ತೋಟದ ತುದಿಯಲ್ಲಿ ಇಳಿಜಾರಿನ ಅಂಚಿಗೆ ಒಂದು ಜಾಗ ಇದೆ, ಅಲ್ಲಿಂದ ಬೆಟ್ಟಸಾಲು ಪೂರ್ತಿ ಕಾಣುತ್ತದೆ. ಅಲ್ಲಿ ಮುಂಭಾಗವೆಲ್ಲ ಗಾಜು, ಮೇಲೆ ಶೀಟ್ ಹಾಕಿ ಒಂದು ರೂಮು ಕಟ್ಟಿಸುವ ಆಸೆ. ಡಿಸೆಂಬರ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದೆ, ಸ್ವರ್ಗ! ಏನೇನು ನೋಡಿಕೊಳ್ಳಬೇಕು?
— ಓದುಗಿ, ಸೋಮವಾರಪೇಟೆ ಕಡೆ

ಉತ್ತರ: ತಂಗೀ, ಡಿಸೆಂಬರ್‌ನಲ್ಲಿ ಕೊಡಗಿನಲ್ಲಿ ಎಲ್ಲಿ ಕುರ್ಚಿ ಹಾಕಿದರೂ ಸ್ವರ್ಗವೇ. ಅದೇ ಕುರ್ಚಿ ಎತ್ತಿಕೊಂಡು ಜುಲೈ ಕೊನೆಗೆ, ಕಕ್ಕಡ ತಿಂಗಳ (ಕೊಡವರ ಲೆಕ್ಕದ ಮಳೆಗಾಲದ ತಿಂಗಳು) ಮಳೆ ಹಿಡಿದಾಗ, ಅದೇ ಜಾಗಕ್ಕೆ ಹೋಗಿ ಒಂದು ಗಂಟೆ ನಿಂತು ನೋಡು. ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ, ಮೇಲಿನ ಮರ ಎಷ್ಟು ಬಾಗುತ್ತದೆ, ಎಲ್ಲ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಅಷ್ಟು ದಿನ ಕಾಯಲು ಆಗದಿದ್ದರೆ ನಿಮ್ಮ ತೋಟದ ಲೆಕ್ಕ ನೋಡಿಕೊಳ್ಳುವ ರೈಟರನ್ನೋ, ಹಳೆಯ ಕೆಲಸದವರನ್ನೋ ಕೇಳು. ಮಳೆಗಾಲದಲ್ಲಿ ನೀರು ಎಲ್ಲಿ ಉಕ್ಕುತ್ತದೆ ಅಂತ ಅವರ ಕಾಲಿಗೇ ಗೊತ್ತಿರುತ್ತದೆ.

ಇಳಿಜಾರಿನ ಅಂಚು ಮಾತ್ರ ಬೇಡ. ಅಲ್ಲಿ ರೂಮು ಕೂರಿಸಬೇಕಾದರೆ ಹಿಂದಿನ ಬರೆ, ಅಂದರೆ ಮಣ್ಣಿನ ದಿಣ್ಣೆ, ಕಡಿದು ಸಮ ಮಾಡಬೇಕು, ಇಲ್ಲವೇ ಮುಂದೆ ಮಣ್ಣು ತುಂಬಿಸಬೇಕು. ಎರಡೂ ಅಪಾಯ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದು ಏನಾಯಿತು ಅಂತ ನಾವೆಲ್ಲ ಕಂಡಿದ್ದೇವೆ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದದ್ದನ್ನೂ ಕಂಡಿದ್ದೇವೆ. ಅಷ್ಟು ದೊಡ್ಡದೇ ಆಗಬೇಕಿಲ್ಲ. ಜೆಸಿಬಿ ತಂದು ಎಂಟಡಿ ಬರೆ ನೇರ ಕಡಿದರೆ, ಮೇಲಿನ ಮಣ್ಣು ನೀರು ಕುಡಿದು ಭಾರವಾಗಿ ಒಂದು ರಾತ್ರಿ ಜರಿಯುತ್ತದೆ, ನಿನ್ನ ಲ್ಯಾಪ್‌ಟಾಪ್ ಮೇಲೆಯೇ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರೂಮಿನ ಮೇಲ್ಭಾಗದಲ್ಲಿ ಕಾಫಿಗೆ ತೆಗೆದ ತೊಟ್ಟಿಲು ಗುಂಡಿಗಳಿದ್ದರೆ ಅವು ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಒಳಗೆ ಬಿಡುತ್ತವೆ. ಕಾಫಿಗೆ ಅದು ಒಳ್ಳೆಯದು, ನಿನ್ನ ಗೋಡೆಗೆ ಅಲ್ಲ. ಆ ಸಾಲಿನ ಗುಂಡಿ ಮುಚ್ಚಿಸಿ, ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ತೆಗೆಸು.

ಹಾಗಾದರೆ ಎಲ್ಲಿ ಕಟ್ಟಬೇಕು? ಮನೆಯ ಟಿವಿ, ಮಿಕ್ಸಿ ಸದ್ದು ಕಾಡದಷ್ಟು ದೂರ, ಕೊಡೆ ಹಿಡಿದು ಬೇಸರವಿಲ್ಲದೆ ನಡೆಯುವಷ್ಟು ಹತ್ತಿರ. ಐವತ್ತು ಅಡಿಯೇ ಬೇಕಾದಷ್ಟಾಯಿತು. ಕಣದ ಪಕ್ಕ ಮೊದಲೇ ಸಮ ಮಾಡಿದ ಜಾಗ ಇದ್ದರೆ ಅದಕ್ಕಿಂತ ಬೇರೆ ಬೇಡ. ಕಾಫಿ ಒಣಗಿಸುವ ಎರಡು ಮೂರು ತಿಂಗಳು ಕಣದಲ್ಲಿ ಗದ್ದಲ ಇರುತ್ತದೆ ನಿಜ, ಉಳಿದ ಒಂಬತ್ತು ತಿಂಗಳು ಕಾಗೆಯೂ ಬರುವುದಿಲ್ಲ. ತಲೆಯ ಮೇಲೆ ಹಾಲುವಾಣದ ಮರ ಇರಬಾರದು, ಅದರ ಕೊಂಬೆ ಗಾಳಿಗೆ ಪಟ್ಟಂತ ಮುರಿಯುತ್ತದೆ. ಸಿಲ್ವರ್ ಓಕ್ ಕೂಡ ನಂಬುವ ಮರವಲ್ಲ. ಸುತ್ತಲಿನ ಮರಗಳಿಗೆ ಪ್ರತಿವರ್ಷ ಮಳೆಗೆ ಮುಂಚೆ ಮರಗಸಿ ಮಾಡಿಸುವಾಗ ಈ ರೂಮಿನ ಕಡೆ ಚಾಚಿದ ಕೊಂಬೆಗಳನ್ನು ಮೊದಲು ತೆಗೆಸು. ಪೂರ್ತಿ ಮರ ಕಡಿಸುವುದಾದರೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಕೈ ಹಾಕಬೇಕು.

ಈಗ ಶೀಟ್ ವಿಷಯ. ಇಲ್ಲಿ ನನ್ನ ಕಥೆ ಸ್ವಲ್ಪ ಕೇಳು. ನಾನೂ ಮೊದಲು ಶೀಟೇ ಹಾಕಿಸಿದ್ದೆ. ಬೇಗ ಮುಗಿಯಿತು, ಖರ್ಚೂ ಕಡಿಮೆ, ಫೆಬ್ರವರಿಯಲ್ಲಿ ಪಾಯಸ ಹಂಚಿ ಒಳಗೆ ಕೂತೆ. ಜೂನ್ ಎರಡನೇ ವಾರ ಮಳೆ ಶುರುವಾಯಿತು. ಮೀಟಿಂಗ್‌ನಲ್ಲಿ ನನ್ನ ಸರದಿ ಬಂತು, ಬಾಯಿ ತೆರೆದೆ, ಆ ಕಡೆಯವರು "ನೀವು ಜಲಪಾತದ ಹತ್ತಿರ ಇದ್ದೀರಾ?" ಅಂತ ಕೇಳಿದರು. ನನಗೆ ಅವರ ಮಾತೂ ಕೇಳಿಸಲಿಲ್ಲ, ಪಕ್ಕದಲ್ಲಿ ಬರೆದು ತೋರಿಸಿದ ಮೇಲೆ ಗೊತ್ತಾಯಿತು. ನಮ್ಮಲ್ಲಿ ಮಳೆ ಅಳೆಯುವುದು ಇಂಚು-ಸೆಂಟಿನಲ್ಲಿ ತಾನೇ, ನೂರು ಸೆಂಟಿಗೆ ಒಂದು ಇಂಚು. ದಿನಕ್ಕೆ ಐದು ಇಂಚು ಬೀಳುವ ಊರಿನಲ್ಲಿ ಬರೀ ಶೀಟಿನ ಕೆಳಗೆ ಫೋನಿನಲ್ಲಿ ಮಾತಾಡುತ್ತೇನೆ ಅನ್ನುವುದು ಚೆಂಡೆಯೊಳಗೆ ಕೂತು ಮಾತಾಡಿದ ಹಾಗೆ. ಮುಂದಿನ ವರ್ಷ ಶೀಟ್ ಇಳಿಸಿ ಹೆಂಚು ಹೊದೆಸಿದೆ, ಕೆಳಗೆ ಪ್ಲೈವುಡ್ ಸೀಲಿಂಗ್, ನಡುವೆ ಗಾಜಿನ ಉಣ್ಣೆಯ ಹಾಸು. ಈಗ ಸದ್ದು ಇದೆ, ಆದರೆ ಅದು ಹಿತವಾದ ಸದ್ದು. ಶೀಟೇ ಬೇಕು ಅಂದರೆ ನಡುವೆ ಫೋಮ್ ತುಂಬಿದ ಪಫ್ ಶೀಟ್ ಸಿಗುತ್ತದೆ, ಅದರ ಕೆಳಗೂ ಸೀಲಿಂಗ್ ಹಾಕಿಸು. ಸೂರು ಮಾತ್ರ ಎಲ್ಲ ಕಡೆ ಮೂರು ಅಡಿ ಚಾಚಿರಲಿ.

ಗಾಜು ಹಾಕಿಸು, ಆದರೆ ಮುಂಭಾಗ ಪೂರ್ತಿ ಬೇಡ. ನಮ್ಮ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಶ್ಚಿಮ ಮತ್ತು ನೈಋತ್ಯದಿಂದ ಅಡ್ಡ ಹೊಡೆಯುವುದೇ ಜಾಸ್ತಿ. ಆ ಎರಡು ಕಡೆ ಬಾಗಿಲು, ದೊಡ್ಡ ಕಿಟಕಿ ಇಡಬೇಡ. ಪೂರ್ವ, ಉತ್ತರಕ್ಕೆ ಎಷ್ಟು ಬೇಕಾದರೂ ತೆರೆ. ಜುಲೈಯಲ್ಲಿ ಹಗಲು ಹನ್ನೆರಡಕ್ಕೂ ಲೈಟ್ ಹಾಕಬೇಕಾದ ಊರು ನಮ್ಮದು, ಬೆಳಕು ಬರಲಿ. ಮೇಜನ್ನು ಕಿಟಕಿಗೆ ಅಡ್ಡಲಾಗಿ ಇಡು. ಕಿಟಕಿ ಬೆನ್ನ ಹಿಂದೆ ಬಂದರೆ ವಿಡಿಯೋದಲ್ಲಿ ನೀನು ಬರೀ ನೆರಳು, ಎದುರಿಗೆ ಬಂದರೆ ಮಂಜು ನೋಡುತ್ತಾ ಕೆಲಸವೇ ಸಾಗುವುದಿಲ್ಲ. ಇದು ನನ್ನ ಅನುಭವ.

ಅಳತೆ ಹತ್ತು-ಹನ್ನೆರಡು ಅಡಿ ಇದ್ದರೆ ಒಬ್ಬರಿಗೆ ಧಾರಾಳ. ಅದಕ್ಕಿಂತ ಮುಖ್ಯ ಮುಂದೊಂದು ನಾಲ್ಕಡಿ ಜಗಲಿ. ಕೊಡೆ ಬಿಡಲು, ಬೂಟು ಕಳಚಲು, ಕಾಲಿಗೆ ಹತ್ತಿದ ಜಿಗಣೆ ಹುಡುಕಲು ಅದು ಬೇಕೇ ಬೇಕು. ಅಲ್ಲೊಂದು ಡಬ್ಬಿಯಲ್ಲಿ ಉಪ್ಪು ಇಟ್ಟಿರು. ನೆಲ ಎರಡು ಅಡಿ ಎತ್ತರದ ಕಲ್ಲಿನ ಅಡಿಪಾಯದ ಮೇಲಿರಲಿ, ಗೆದ್ದಲು ಮದ್ದು ಅಡಿಪಾಯ ಹಾಕುವಾಗಲೇ ಹಾಕಿಸು. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಅಂಚಿನಲ್ಲಿ ಸ್ವಲ್ಪ ಸಂದು ಬಿಡಿಸು. ನನ್ನದು ಒಮ್ಮೆ ಒಳಗಿನಿಂದಲೇ ಕಚ್ಚಿಕೊಂಡು ಕಿಟಕಿಯಿಂದ ಇಳಿದು ಬಂದಿದ್ದೇನೆ.

ಕೆಲಸ ಯಾವಾಗ ಶುರು ಮಾಡುವುದು ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದ ಕೂಡಲೇ ಅಂದುಕೊಳ್ಳುತ್ತಾರೆ ಎಲ್ಲರೂ. ಆದರೆ ಆಗ ಕಾಫಿ ಕುಯ್ಲು, ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ ಹಣ್ಣಾಗುತ್ತದೆ, ಮಣ್ಣು ಹೊರಲೂ ಆಳು ಸಿಗುವುದಿಲ್ಲ. ಗಾರೆಯವರನ್ನೂ ಬಡಗಿಯನ್ನೂ ಅಕ್ಟೋಬರ್‌ನಲ್ಲೇ ಮಾತಾಡಿ ದಿನ ಗೊತ್ತುಮಾಡಿಕೋ. ಏಪ್ರಿಲ್ ಗುಡುಗು ಶುರುವಾಗುವ ಮುಂಚೆ ಮಾಡು (ಚಾವಣಿ) ಮುಚ್ಚಿರಬೇಕು.

ಪ್ರಶ್ನೆ: ಮನೆಯಿಂದ ಅರವತ್ತು ಮೀಟರ್ ದೂರದಲ್ಲಿ ರೂಮು ಕಟ್ಟಿ ಆಗಿದೆ. ವೈಫೈ ಅಲ್ಲಿಗೆ ತಲುಪುವುದಿಲ್ಲ. ಕರೆಂಟಿಗೆ ಮರದಿಂದ ಮರಕ್ಕೆ ವಯರ್ ಎಳೆದರೆ ಸಾಕು ಅಂತ ನಮ್ಮ ವಯರ್‌ಮನ್ ಹೇಳುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬರುವುದಿಲ್ಲ. ಸೋಲಾರ್ ಹಾಕಲೇ?
— ಭಾಗಮಂಡಲ ಕಡೆಯ ಓದುಗರು

ಉತ್ತರ: ಮರದಿಂದ ಮರಕ್ಕೆ ವಯರ್ ಬೇಡವೇ ಬೇಡ. ಮರ ಅಲುಗಾಡುತ್ತದೆ, ಕೊಂಬೆ ಬೀಳುತ್ತದೆ. ಅದಕ್ಕಿಂತ ಭಯ ಏನೆಂದರೆ ಕರಿಮೆಣಸು ಕುಯ್ಯುವವರು, ಮರಗಸಿಯವರು ಅಲ್ಯೂಮಿನಿಯಂ ಏಣಿ ಎತ್ತಿಕೊಂಡು ಓಡಾಡುತ್ತಾರೆ. ಏಣಿ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ ತಂದು ಎರಡೂವರೆ ಅಡಿ ಆಳದಲ್ಲಿ ಹೂಳಿಸಿ, ಮೇಲೆ ಇಟ್ಟಿಗೆ ಮುಚ್ಚಿಸಿ, ಎಲ್ಲಿ ಹೋಗಿದೆ ಅಂತ ಕಲ್ಲು ನೆಟ್ಟು ಗುರುತು ಮಾಡಿ. ಇಲ್ಲದಿದ್ದರೆ ಮುಂದಿನ ವರ್ಷ ಗುಂಡಿ ತೆಗೆಯುವವರ ಗುದ್ದಲಿ ಅದರ ಮೇಲೇ ಬೀಳುತ್ತದೆ. ತಾಮ್ರದ 2.5 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ಅರವತ್ತು ಮೀಟರಿಗೆ, ಐದು ಆಂಪಿಯರ್ ಎಳೆದರೂ, ಕಳೆದುಕೊಳ್ಳುವುದು ನಾಲ್ಕೈದು ವೋಲ್ಟ್ ಅಷ್ಟೇ. ಮನೆಯಲ್ಲೇ ವೋಲ್ಟೇಜ್ ಬೀಳುತ್ತಿದ್ದರೆ ಇನ್ನೂ ದಪ್ಪದ್ದು ಹಾಕಿ. ರೂಮಿಗೆ ಬೇರೆಯೇ ಅರ್ಥಿಂಗ್, ಮತ್ತೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್). ಒದ್ದೆ ಕಾಲಲ್ಲಿ ಒಳಗೆ ಬರುವ ಜಾಗ, ಇಲ್ಲಿ ಉಳಿತಾಯ ನೋಡಬೇಡಿ.

ಇಂಟರ್‌ನೆಟ್‌ಗೆ ಸಾಮಾನ್ಯವಾಗಿ ಲ್ಯಾನ್ ಕೇಬಲ್ ಎಳೆಯುತ್ತಾರೆ, ಅದು ನೂರು ಮೀಟರ್‌ವರೆಗೂ ನಡೆಯುತ್ತದೆ. ನಾನೂ ಎಳೆದಿದ್ದೆ. ಏಪ್ರಿಲ್‌ನ ಒಂದು ಸಂಜೆ ತೋಟದ ಸಿಲ್ವರ್ ಓಕ್‌ಗೆ ಸಿಡಿಲು ಹೊಡೆಯಿತು. ಮರಕ್ಕೆ ಉದ್ದಕ್ಕೂ ಒಂದು ಗೀರು, ಅಷ್ಟೇ. ನನ್ನ ರೂಟರ್, ರೂಮಿನ ಸ್ವಿಚ್ ಪೆಟ್ಟಿಗೆ, ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಮೂರೂ ಒಟ್ಟಿಗೆ ಹೋದವು. ನೇರ ಹೊಡೆಯಬೇಕಿಲ್ಲ, ಹತ್ತಿರ ಬಿದ್ದರೂ ಉದ್ದ ತಾಮ್ರದ ತಂತಿ ಅದನ್ನು ಎಳೆದು ತರುತ್ತದೆ. ಈಗ ಮನೆಯಿಂದ ರೂಮಿಗೆ ಒಳಗೆ ಲೋಹದ ಎಳೆ ಇಲ್ಲದ ಫೈಬರ್ ಹಾಕಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್‌ಗೆ ಜೋಡಿಸುವ ಪೆಟ್ಟಿಗೆ) ಇಟ್ಟಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅದನ್ನೂ ಪೈಪಿನೊಳಗೆ ಹಾಕಿ ಹೂಳಿ, ಹೆಗ್ಗಣ ಬಿಡುವುದಿಲ್ಲ. ಕರೆಂಟಿನ ಕೇಬಲ್ ಇದ್ದೇ ಇದೆಯಲ್ಲ, ಅದರ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಇಷ್ಟೆಲ್ಲ ಮಾಡಿದ ಮೇಲೂ ಗುಡುಗು ಕೇಳಿದರೆ ನಾನು ಪ್ಲಗ್ ಕಿತ್ತಿಡುತ್ತೇನೆ.

ಸೋಲಾರ್ ಕೆಟ್ಟದ್ದಲ್ಲ, ಆದರೆ ನಿಮಗೆ ಕರೆಂಟ್ ಹೋಗುವುದು ಜುಲೈಯಲ್ಲಿ, ಸೂರ್ಯ ಹೋಗುವುದೂ ಜುಲೈಯಲ್ಲೇ. ಬ್ಯಾಟರಿ ದೊಡ್ಡದಿರಲಿ. ಲೆಕ್ಕ ನೋಡಿ: ಲ್ಯಾಪ್‌ಟಾಪ್ ಸರಾಸರಿ 40 ವ್ಯಾಟ್, ರೂಟರ್ ಮತ್ತು ಕನ್ವರ್ಟರ್ ಸೇರಿ 20, ಎರಡು ಎಲ್‌ಇಡಿ ಬಲ್ಬ್ 20. ಒಟ್ಟು 80 ವ್ಯಾಟ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿಯಲ್ಲಿ ಉಳಿಸಬೇಕಾದ್ದು ಎಲ್ಲ ಕಳೆದರೂ ಹನ್ನೆರಡು ಗಂಟೆಗೆ ಮೋಸವಿಲ್ಲ. ಅಂದರೆ ಒಂದೂವರೆ ದಿನದ ಕೆಲಸ. ಅದಕ್ಕೆ ಕಾಫಿ ಕಾಯಿಸುವ ಕೆಟಲ್ ಮಾತ್ರ ಸಿಕ್ಕಿಸಬೇಡಿ, ಅದೊಂದೇ 1,500 ವ್ಯಾಟ್ ಎಳೆಯುತ್ತದೆ. ಅದು ಮುಗಿದ ಮೇಲೆ ತೋಟದ ಜನರೇಟರನ್ನು ಓಡಿಸಿ ಚಾರ್ಜ್ ಮಾಡಿಕೊಳ್ಳಿ, ಹೊರಗೆ ಇಟ್ಟು. ಮನೆಯ ರೂಟರನ್ನೂ ಇನ್ವರ್ಟರ್‌ಗೆ ಸೇರಿಸುವುದು ಮರೆಯಬೇಡಿ. ರೂಮಿನಲ್ಲಿ ಎಲ್ಲ ಉರಿಯುತ್ತಿದ್ದು ಮನೆಯಲ್ಲಿ ರೂಟರ್ ಸತ್ತು ಬಿದ್ದಿರುವುದು ನಮ್ಮಲ್ಲೂ ಆಗಿದೆ. ರಸ್ತೆ ಬದಿಯ ಫೈಬರ್ ಮೇಲೆ ಮರ ಬಿದ್ದರೆ ಯಾರೂ ಏನೂ ಮಾಡಲಾಗದು. ಬೇರೆ ಕಂಪನಿಯ ಸಿಮ್ ಹಾಕಿದ ಇನ್ನೊಂದು ಮೊಬೈಲ್ ಕೈಯಲ್ಲಿರಲಿ.

ಪ್ರಶ್ನೆ: ತೋಟದಲ್ಲಿ ಕೆಲಸದವರಿಗೆ ಕಟ್ಟಿಸಿದ ಒಂದು ಲೈನ್ ಮನೆ ಐದು ವರ್ಷದಿಂದ ಖಾಲಿ ಬಿದ್ದಿದೆ. ಅದನ್ನೇ ಆಫೀಸ್ ಮಾಡಿಕೊಂಡರೆ ಜನ ನಗುತ್ತಾರಾ?
— ಓದುಗರು, ಪೊನ್ನಂಪೇಟೆ

ಉತ್ತರ: ನಗಲಿ ಬಿಡಿ. ಐದು ಮಳೆಗಾಲ ಯಾರೂ ನೋಡಿಕೊಳ್ಳದೆ ನಿಂತಿದೆ ಅಂದರೆ ಆ ಜಾಗ ಪರೀಕ್ಷೆ ಪಾಸಾಗಿದೆ. ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ, ಮಾಡು ಹೊರುವ ಪಕಾಸಿ ಮರದಲ್ಲಿ ಕುಂಬು (ಕೊಳೆತ), ಈ ಎರಡು ನೋಡಿ. ಹಳೆಯ ವಯರಿಂಗ್ ಪೂರ್ತಿ ಕಿತ್ತು ಹಾಕಿ. ಎರಡು ಕೋಣೆಯ ನಡುವಿನ ಗೋಡೆ ಒಡೆಸುವ ಆಸೆ ಬರುತ್ತದೆ, ಮಾಡು ಅದರ ಮೇಲೇ ಕೂತಿರಬಹುದು, ಗಾರೆಯವರನ್ನು ಕೇಳದೆ ಒಡೆಸಬೇಡಿ. ನನ್ನನ್ನು ಕೇಳಿದರೆ ಹೊಸದು ಕಟ್ಟುವವರಿಗಿಂತ ನೀವೇ ಅದೃಷ್ಟವಂತರು.

ಪ್ರಶ್ನೆ: ಇದಕ್ಕೆಲ್ಲ ಪರ್ಮಿಷನ್ ಬೇಕಾ? ನಮ್ಮದೇ ಜಾಗ ತಾನೇ?
— ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಜಾಗ ನಮ್ಮದು, ಕಾನೂನು ಸರ್ಕಾರದ್ದು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಬೇಕು. ಮನೆಗೆ ಅಂತ ಈಗಾಗಲೇ ಪರಿವರ್ತನೆ ಆದ ಜಾಗದೊಳಗೇ ರೂಮು ಕೂರಿಸಿದರೆ ತಲೆನೋವು ಕಡಿಮೆ. ಯಾವುದಕ್ಕೂ ಪಂಚಾಯಿತಿಗೆ ಹೋಗಿ ಪಿಡಿಒ ಅವರನ್ನು ಕೇಳಿ, ಬಾಯಿಮಾತಿನ "ಆಯ್ತು, ಕಟ್ಟಿ" ನಂಬಬೇಡಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಅಥವಾ ನಾಗರಹೊಳೆಯ ಪಕ್ಕದಲ್ಲಿದ್ದರೆ ಇನ್ನೂ ಬೇರೆ ನಿಯಮಗಳಿರುತ್ತವೆ. ಇನ್ನು ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮ್ಮಾ ಜಾಗ, ಆರ್‌ಟಿಸಿಯಲ್ಲಿ ಕುಟುಂಬದವರ ಹೆಸರುಗಳು ಸಾಲಾಗಿವೆ ಅಂದರೆ ಪಂಚಾಯಿತಿಗಿಂತ ಮೊದಲು ದೊಡ್ಡಪ್ಪನ ಮನೆಗೆ ಹೋಗಿ.

ಪ್ರಶ್ನೆ: ನಾನು ಅಮೆರಿಕದ ಶಿಫ್ಟ್. ರಾತ್ರಿ ಎರಡಕ್ಕೆ ಕೆಲಸ ಮುಗಿಯುತ್ತದೆ. ತೋಟದ ರೂಮಿನಿಂದ ಮನೆಗೆ ನೂರು ಹೆಜ್ಜೆ. ನಮ್ಮ ಕಡೆ ಆನೆ ಓಡಾಟ ಇದೆ. ಟಾರ್ಚ್ ಹಿಡಿದುಕೊಂಡರೆ ಸಾಕಲ್ವಾ?
— ಓದುಗರು, ಸಿದ್ದಾಪುರ

ಉತ್ತರ: ಸಾಲದು. ಕಾಫಿ ಗಿಡದ ನಡುವೆ ಆನೆ ಹತ್ತು ಅಡಿ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ, ಅದು ನಡೆದರೂ ಸದ್ದಾಗುವುದಿಲ್ಲ, ಮಳೆ ಇದ್ದರಂತೂ ಬಿಡಿ. ರಾತ್ರಿ ಕೆಲಸದವರಿಗೆ ನನ್ನ ಉತ್ತರ ಒಂದೇ: ತೋಟದ ರೂಮು ಬೇಡ, ಮನೆಗೆ ಅಂಟಿಕೊಂಡ ಹಾಗೆ ಒಂದು ಕೋಣೆ ಇಳಿಸಿ, ಬಾಗಿಲು ಮನೆಯೊಳಗಿನಿಂದ ಇರಲಿ. ರೂಮು ಆಗಲೇ ಕಟ್ಟಿ ಆಗಿದೆ ಅಂದರೆ ಅಲ್ಲೇ ಒಂದು ಮಂಚ ಹಾಕಿ, ಬೆಳಗಾದ ಮೇಲೆ ಮನೆಗೆ ಬನ್ನಿ. ಹಗಲಲ್ಲಿ ಓಡಾಡುವವರೂ ದಾರಿಯ ಎರಡೂ ಬದಿಯ ಗಿಡ ಸವರಿಸಿ ತಿರುವಿನಾಚೆ ಕಾಣುವ ಹಾಗೆ ಮಾಡಿಕೊಳ್ಳಿ. ರೂಮಿನ ಹತ್ತಿರ ಹಲಸಿನ ಮರ ಇದ್ದರೆ ಕಾಯಿ ಬಲಿಯುವ ಮೊದಲೇ ಇಳಿಸಿ, ಹಣ್ಣಿನ ವಾಸನೆ ಬಂದರೆ ಅವು ಬಂದೇ ಬರುತ್ತವೆ. ಬಾಳೆಯನ್ನೂ ಅಲ್ಲಿ ನೆಡಬೇಡಿ. ಆನೆ ಬಂದಿದೆ ಅಂತ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದರೆ ಅವತ್ತು ಅಡುಗೆಮನೆ ಮೇಜೇ ನಿಮ್ಮ ಆಫೀಸು.

ಪ್ರಶ್ನೆ: ಮಳೆಗಾಲದಲ್ಲಿ ರೂಮಿನಲ್ಲಿ ಎಲ್ಲಕ್ಕೂ ಬೂಷ್ಟು. ಕುರ್ಚಿ, ಬ್ಯಾಗ್, ಕ್ಯಾಮೆರಾ ಲೆನ್ಸ್ ಕೂಡ. ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡರೆ ಎರಡೂ ಸರಿಹೋಗುತ್ತದೆ ಅಂತ ಅಜ್ಜಿ ಹೇಳುತ್ತಾರೆ.
— ಓದುಗರು, ನಾಪೋಕ್ಲು

ಉತ್ತರ: ಅಜ್ಜಿಯ ಕಾಲದ ಮನೆಯಲ್ಲಿ ಹೆಂಚಿನ ಸಂದು, ಅಟ್ಟ, ತೆರೆದ ಜಗಲಿ ಎಲ್ಲ ಇತ್ತು, ಹೊಗೆ ಹೋಗುತ್ತಿತ್ತು. ನಿಮ್ಮದು ಕಿಟಕಿ ಮುಚ್ಚಿ ಸೀಲಿಂಗ್ ಹಾಕಿದ ಸಣ್ಣ ಕೋಣೆ. ಅಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ನಿದ್ದೆ ಬಂದ ಹಾಗಾಗಿ ಹಾಗೇ ಹೋಗಿಬಿಡುತ್ತಾರೆ. ಖಂಡಿತ ಬೇಡ. ಡಿಹ್ಯೂಮಿಡಿಫೈಯರ್ ಒಂದು ತೆಗೆದುಕೊಳ್ಳಿ. ಕರೆಂಟ್ ಇರುವಾಗ ಬಾಗಿಲು ಮುಚ್ಚಿ ಓಡಿಸಿದರೆ ತೊಟ್ಟಿಯಲ್ಲಿ ತುಂಬುವ ನೀರು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಗಾಳಿಯ ತೇವ ಅಳೆಯುವ ಪುಟ್ಟ ಮೀಟರ್ ಗೋಡೆಗೆ ಹಾಕಿ, ಶೇಕಡಾ 60ರ ಕೆಳಗೆ ಇದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಕ್ಯಾಮೆರಾವನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಡಿ. ಚರ್ಮದ ಕುರ್ಚಿ ಕೊಂಡವರಿಗೆ ನನ್ನ ಸಂತಾಪ, ನಮ್ಮ ಊರಿಗೆ ಬಲೆ ಬೆನ್ನಿನ ಕುರ್ಚಿಯೇ ಸರಿ.

ಪ್ರಶ್ನೆ: ನನ್ನ ಸೊಸೆ ಬೆಳಗ್ಗೆ ತೋಟದ ರೂಮಿಗೆ ಹೋದರೆ ಸಂಜೆಯೇ ಬರುವುದು. ಮಳೆಯಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಫೋನ್ ಮಾಡಿದರೆ ಮೀಟಿಂಗ್ ಅಂತ ಕಟ್ ಮಾಡುತ್ತಾಳೆ. ಊಟ ಆರಿ ಹೋಗುತ್ತದೆ. ಬೇಜಾರಾಗುತ್ತದೆ.
— ಹೆಸರು ಬೇಡ ಅಂದವರು, ವಿರಾಜಪೇಟೆ

ಉತ್ತರ: ಅಕ್ಕಾ, ಇಷ್ಟೂ ಪತ್ರಗಳಲ್ಲಿ ನಿಮ್ಮದನ್ನೇ ಮೂರು ಸಲ ಓದಿದೆ. ತಂತಿ ಎಳೆದು ಬೆಲ್ ಹಾಕಿಸಿ ಅನ್ನಬಹುದಿತ್ತು, ಆದರೆ ಮೇಲೆ ಸಿಡಿಲಿನ ಕಥೆ ಹೇಳಿದವನು ಈಗ ಆ ಮಾತು ಆಡುವ ಹಾಗಿಲ್ಲ. ವೈಫೈ ಬಲ್ಬ್ ಅಂತ ಸಿಗುತ್ತದೆ, ಅದನ್ನು ಅವಳ ಮೇಜಿನ ಮೇಲೆ ಹಾಕಿಸಿ. ನಿಮ್ಮ ಮೊಬೈಲ್‌ನಲ್ಲಿ ಒತ್ತಿದರೆ ಅಲ್ಲಿ ಉರಿಯುತ್ತದೆ, ಸದ್ದಿಲ್ಲ, ಮೀಟಿಂಗ್‌ನವರಿಗೆ ಗೊತ್ತಾಗುವುದಿಲ್ಲ. ಹಳದಿ ಬಂದರೆ ಊಟ, ನೀಲಿ ಬಂದರೆ ಮನೆಗೆ ಯಾರೋ ಬಂದಿದ್ದಾರೆ, ಕೆಂಪು ಬಂದರೆ ತಕ್ಷಣ ಬಾ ಅಂತ ಇಬ್ಬರೂ ಮಾತಾಡಿಕೊಳ್ಳಿ. ಹಾಗೇ ಅವಳಿಂದ ಒಂದು ಮಾತು ತೆಗೆದುಕೊಳ್ಳಿ, ದಿನಾ ಒಂದರಿಂದ ಎರಡು ಗಂಟೆ ಕ್ಯಾಲೆಂಡರ್‌ನಲ್ಲಿ ಬೇರೆ ಯಾರಿಗೂ ಸಿಗದ ಹಾಗೆ ಮುಚ್ಚಿಡಬೇಕು ಅಂತ. ಅದು ಒಂದು ಬಟನ್ ಒತ್ತುವ ಕೆಲಸ, ಆಗುವುದಿಲ್ಲ ಅಂದರೆ ನಂಬಬೇಡಿ. ಕಡಂಬುಟ್ಟು, ಪಂದಿಕರಿ ಮಾಡಿದ ದಿನ ಮಾತ್ರ ಕೆಂಪು ಒತ್ತಬೇಡಿ, ಜಾರುವ ದಾರಿಯಲ್ಲಿ ಓಡಿ ಬರುತ್ತಾಳೆ.